ಅಡುಗೆಮನೆಯ ಗೋಡೆಗೆ ತಾಮ್ರದ ಕೊಳವೆ

ಸೌಟು, ಸಟ್ಟುಗ, ಜಾಲರಿಗಳನ್ನು ತೂಗುಹಾಕಲು ಗೋಡೆಗೆ ಅಡ್ಡಲಾಗಿ ತಾಮ್ರದ ಕೊಳವೆಯನ್ನು ಬಿಗಿಸುವುದುಂಟು. ನೋಡಲು ಅಂದ, ಜಾಗವೂ ಉಳಿಯುತ್ತದೆ. ಆದರೆ ಕೊಳವೆ ಬಾಗದೆ, ಆಹಾರಕ್ಕೆ ತೊಂದರೆ ಕೊಡದೆ ಇರಬೇಕಾದರೆ ತಾಮ್ರದ ಗುಣಗಳನ್ನು ಅರಿತಿರಬೇಕು.

ಎಷ್ಟು ಭಾರ ತಡೆದೀತು?

15 ಮಿ.ಮೀ. ಹೊರವ್ಯಾಸ, 0.7 ಮಿ.ಮೀ. ದಪ್ಪದ ಕೊಳವೆ ಮೀಟರಿಗೆ ಸುಮಾರು 280 ಗ್ರಾಂ ತೂಗುತ್ತದೆ. ಅಷ್ಟೇ ವ್ಯಾಸದ ಗಟ್ಟಿ ಸರಳು ಸುಮಾರು 1.6 ಕಿ.ಗ್ರಾಂ. ಬಾಗುವುದನ್ನು ತಡೆಯುವ ಕೆಲಸದಲ್ಲಿ ಹೊರಮೈಯ ಲೋಹದ್ದೇ ಹೆಚ್ಚಿನ ಪಾಲು. ಆದುದರಿಂದ ತೂಕದಲ್ಲಿ ಸರಳಿನ ಸುಮಾರು ಆರನೆಯ ಒಂದು ಭಾಗವಿರುವ ಕೊಳವೆಗೆ ಅದರ ಮೂರನೆಯ ಒಂದು ಭಾಗದಷ್ಟು ಬಿಗುವು ಇರುತ್ತದೆ.

ತುದಿಗಳಲ್ಲಿ ಮಾತ್ರ ಆಧಾರವಿರುವ 1 ಮೀಟರ್ ಕೊಳವೆಯ ನಡುವೆ 5 ಕಿ.ಗ್ರಾಂ. ಭಾರವನ್ನು ತೂಗಿದರೆ ಅದು ಸುಮಾರು 1 ಸೆಂ.ಮೀ. ಬಾಗುತ್ತದೆ. ಆಧಾರಗಳ ಅಂತರವನ್ನು 50 ಸೆಂ.ಮೀ.ಗೆ ಇಳಿಸಿದರೆ ಬಾಗುವಿಕೆ ಅರ್ಧವಾಗುವುದಿಲ್ಲ. ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ! ಹೆಚ್ಚು ದಪ್ಪದ ಕೊಳವೆ ಕೊಳ್ಳುವುದಕ್ಕಿಂತ ನಡುವೆ ಒಂದು ಆಧಾರ ಕೊಡುವುದೇ ಅಗ್ಗದ ಉಪಾಯ.

ಹವಾನಿಯಂತ್ರಕಗಳಿಗೆ ಬಳಸುವ, ಸುರುಳಿ ಸುತ್ತಿದ ಕೊಳವೆ ಕಾಯಿಸಿ ಮೆದುಗೊಳಿಸಿದ್ದು. ಒಮ್ಮೆ ಬಾಗಿದರೆ ಹಾಗೆಯೇ ಉಳಿದೀತು. ನೇರ ತುಂಡಾಗಿ ಸಿಗುವ ಗಡಸು ಕೊಳವೆಯೇ ಈ ಕೆಲಸಕ್ಕೆ ತಕ್ಕುದು.

ಹೊಳಪು ಏಕೆ ಮಾಸುತ್ತದೆ?

ಗಾಳಿಯ ಆಕ್ಸಿಜನ್ ಸೇರಿ ತಾಮ್ರದ ಮೇಲೆ ಮೊದಲು ಕೆಂಗಂದು ಆಕ್ಸೈಡ್ ಪದರ ಕೂಡುತ್ತದೆ. ಅದು ಕ್ರಮೇಣ ಕಪ್ಪಾಗುತ್ತದೆ. ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿದರೆ ಹಸಿರು ಕಿಲುಬು. ಹುಣಿಸೆಹಣ್ಣಿನಿಂದ ಉಜ್ಜಿದರೆ ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಈ ಪದರವನ್ನು ಕರಗಿಸುತ್ತದೆ, ಹೊಳಪು ಮರಳುತ್ತದೆ.

ಇದೇ ಕಾರಣಕ್ಕೆ ಹುಳಿ ಪದಾರ್ಥಗಳನ್ನು ಬರಿಯ ತಾಮ್ರದಲ್ಲಿ ಇಡಬಾರದು. ಕರಗಿದ ತಾಮ್ರ ಹೊಟ್ಟೆಗೆ ಹೋದರೆ ವಾಕರಿಕೆ, ವಾಂತಿ ಆಗಬಹುದು. ನಮ್ಮ ಹಿರಿಯರು ತಾಮ್ರದ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕಿಸುತ್ತಿದ್ದುದು ಇದಕ್ಕೇ. ಆದುದರಿಂದ ಸೌಟುಗಳನ್ನು ತೊಳೆದು ಒರಸಿ, ಹಿಡಿಯ ಕಡೆಯಿಂದ ತೂಗುಹಾಕಿ. ಆಹಾರ ತಾಗುವ ಬಾಯಿ ಕೊಳವೆಗೆ ತಗಲದಿರಲಿ. ಉಜ್ಜುವ ಕೆಲಸ ಬೇಡವೆನ್ನುವವರು ಪಾರದರ್ಶಕ ಮೆರುಗೆಣ್ಣೆ ಬಳಿಯಬಹುದು.

ಬಿಗಿಸುವಾಗ ಎಚ್ಚರ

ಒದ್ದೆ ಜಾಗದಲ್ಲಿ ತಾಮ್ರಕ್ಕೆ ಕಬ್ಬಿಣ ತಾಗಿದ್ದರೆ ಪುಟ್ಟ ವಿದ್ಯುತ್ ಕೋಶವೇ ಏರ್ಪಡುತ್ತದೆ. ಅದರಲ್ಲಿ ಸವೆಯುವುದು ಕಬ್ಬಿಣ. ಕೊಳವೆ ಹೊಳೆಯುತ್ತಲೇ ಇರುತ್ತದೆ. ಹಿಂದಿನ ಸ್ಕ್ರೂ ತುಕ್ಕು ಹಿಡಿದು ಒಂದು ದಿನ ಇಡೀ ಸಾಲು ಕಳಚಿ ಬೀಳುತ್ತದೆ. ಹಿತ್ತಾಳೆಯ ಸ್ಕ್ರೂ, ಹಿತ್ತಾಳೆಯ ಆಧಾರ ಬಳಸಿದರೆ ಈ ಭಯ ಬಹುಮಟ್ಟಿಗೆ ತಪ್ಪುತ್ತದೆ.

ತಾಮ್ರ ಸ್ಟೇನ್‌ಲೆಸ್ ಉಕ್ಕಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಒಲೆಯ ನೇರ ಮೇಲೆ ಕೊಳವೆಯನ್ನು ಬಿಗಿಸಿದರೆ ಉರಿಯಿಂದ ದೂರವಿರುವ ಭಾಗವೂ ಕೈ ಸುಡುವಷ್ಟು ಬಿಸಿಯಾದೀತು. ತಾಮ್ರ ಉತ್ತಮ ವಿದ್ಯುದ್ವಾಹಕವೂ ಹೌದು. ಗೋಡೆ ಕೊರೆಯುವ ಮುನ್ನ ಒಳಗೆ ವಿದ್ಯುತ್ ತಂತಿ ಹಾದುಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅಲಂಕಾರಕ್ಕಿಂತ ಸುರಕ್ಷತೆ ಮುಖ್ಯ.