ದಾಖಲೆಯ ಭದ್ರತೆ: ಬ್ಲಾಕ್‌ಚೈನಿನ ವಿಷಯವಾಗಿ ಕೆಲವು ಮಾತುಗಳು

ಜನನ ತಾರೀಖಿನ ನಕಲನ್ನು ಕೇಳಿಕೊಂಡು ಹಳೆಯ ವಿದ್ಯಾರ್ಥಿನಿಯರು ನಮ್ಮ ಶಾಲೆಗೆ ಬಾರದ ತಿಂಗಳಿಲ್ಲ. ದಾಖಲಾತಿ ಪುಸ್ತಕದ ಒಂದು ಅಂಕೆ ಕೆಟ್ಟರೆ ಒಬ್ಬಳ ಉದ್ಯೋಗವೂ ನಿವೃತ್ತಿವೇತನವೂ ತೊಡಕಿಗೆ ಸಿಕ್ಕುವುದುಂಟು. ಆದಕಾರಣ ಈ ಪುಸ್ತಕಗಳನ್ನು ಬ್ಲಾಕ್‌ಚೈನಿನಲ್ಲಿ ಏಕೆ ಇಡಬಾರದೆಂದು ಪೋಷಕರು ಕೇಳುವ ಪ್ರಶ್ನೆಗೆ ಇಲ್ಲಿ ಉತ್ತರ ಹೇಳುವುದು ಉಚಿತವೆಂದೆಣಿಸುತ್ತೇವೆ.

ಬ್ಲಾಕ್‌ಚೈನೆಂದರೆ ಬರಹದ ಕಟ್ಟುಗಳ ಸರಪಳಿ. ಇದಕ್ಕೆ ಪ್ರಸಿದ್ಧ ಉದಾಹರಣೆಯಾದ ಬಿಟ್‌ಕಾಯಿನ್ ಎಂಬ ಹಣದ ಲೆಕ್ಕವು 2009ನೆಯ ಇಸವಿ ಜನವರಿಯಲ್ಲಿ ಮೊದಲಾಯಿತು. ಪ್ರತಿ ಕಟ್ಟಿಗೂ 80 ಬೈಟುಗಳ ತಲೆಬರಹವುಂಟು. ಅದರಿಂದ ಗಣಿತಕ್ರಮವಾಗಿ 32 ಬೈಟುಗಳ ಮುದ್ರೆಯೊಂದನ್ನು ತೆಗೆದು ಮುಂದಿನ ಕಟ್ಟಿನ ತಲೆಬರಹದಲ್ಲಿ ಸೇರಿಸುತ್ತಾರೆ. ಹಿಂದಿನ ಒಂದಕ್ಷರವನ್ನು ತಿದ್ದಿದರೂ ಮುದ್ರೆಗಳು ಹೊಂದದೆ ಮೋಸವು ಬಯಲಾಗುವುದು.

ಆದರೆ ಈ ಲೆಕ್ಕವು 500 ಗಿಗಾಬೈಟುಗಳನ್ನು ಮೀರಿ ಬೆಳೆದಿದೆ. ಭಾರವನ್ನು ಇಳಿಸುವ ಉಪಾಯಗಳು ಎರಡು. ಮೊದಲನೆಯದು, ಅಮೇರಿಕದ ರಾಲ್ಫ್ ಮರ್ಕಲ್ ಎಂಬವರು 1979ರಲ್ಲಿ ಪ್ರತಿಪಾದಿಸಿದ ಮುದ್ರೆಗಳ ವೃಕ್ಷ. ಬರಹಗಳ ಮುದ್ರೆಗಳನ್ನು ಎರಡೆರಡಾಗಿ ಕೂಡಿಸುತ್ತಾ ಹೋದರೆ ಕಡೆಗೆ ಒಂದೇ ಬೇರುಮುದ್ರೆ ಉಳಿಯುವುದು. ತಲೆಬರಹದಲ್ಲಿ ಅದಿದ್ದರೆ ಸಾಕು. 1024 ಬರಹಗಳೊಳಗೆ ಇಂಥದೊಂದು ಸೇರಿದೆಯೆಂದು ತೋರಿಸಲು 10 ಮುದ್ರೆಗಳೇ ಸಾಲುತ್ತವೆ.

ಎರಡನೆಯದು, ತೋಟಗಾರನು ಕೊಂಬೆಗಳನ್ನು ಸವರುವಂತೆ ಹಳೆಯ ಕಟ್ಟುಗಳನ್ನು ಸವರುವುದು. 2015ರಿಂದ ಬಿಟ್‌ಕಾಯಿನ್ ಕೋರ್ ಎಂಬ ತಂತ್ರಾಂಶದಲ್ಲಿ ಇದಕ್ಕೆ ಅವಕಾಶವುಂಟು. ಆದರೆ ಎಲ್ಲಾ ಕಟ್ಟುಗಳನ್ನು ಮೊದಲಿನಿಂದ ಪರೀಕ್ಷಿಸಿದ ಮೇಲೆಯೇ ಹಳೆಯವನ್ನು ಬಿಡತಕ್ಕದ್ದು. ಪರೀಕ್ಷೆ ಮುಂಚೆ, ಮಿತವ್ಯಯ ಆಮೇಲೆ. ಎಲ್ಲರೂ ಬಿಟ್ಟುಬಿಟ್ಟರೆ ಹೊಸಬರಿಗೆ ಪರೀಕ್ಷಿಸಲು ಏನೂ ಉಳಿಯದು. ಕೆಲವರಾದರೂ ಪೂರ್ತಿ ಪ್ರತಿಯನ್ನು ಕಾಯಲೇಬೇಕು.

ಹಾಗಾದರೆ ನಾವು ಮಾಡತಕ್ಕದ್ದೇನು? ನಮ್ಮ ಹುಡುಗಿಯರ ಹೆಸರು, ಜಾತಿ, ಜನನದಿನಗಳನ್ನು ಅಳಿಸಲಾಗದ, ಹಲವರ ಕೈಯಲ್ಲಿರುವ ಪುಸ್ತಕದಲ್ಲಿ ಬರೆಯುವುದು ಸಲ್ಲದು. ವಿವರಗಳು ಶಾಲೆಯಲ್ಲಿಯೇ ಇರಲಿ. ಯಾರೂ ಊಹಿಸಲಾರದ ಗುಟ್ಟಿನ ಅಂಕೆಗಳನ್ನು ಪ್ರತಿ ಬರಹದೊಡನೆ ಬೆರೆಸಿ, ವರ್ಷದ ಪುಸ್ತಕಕ್ಕೆ ಒಂದೇ ಬೇರುಮುದ್ರೆಯನ್ನು ಸರಪಳಿಯಲ್ಲಿಟ್ಟರೆ 32 ಬೈಟುಗಳಲ್ಲಿ ಕೆಲಸವು ಮುಗಿಯುವುದು. ಆದರೆ ಪುಸ್ತಕವು ಗೆದ್ದಲಿನ ಪಾಲಾದರೆ ಮುದ್ರೆಯಿಂದ ಅದನ್ನು ಮರಳಿ ಪಡೆಯಲಾಗದು. ಬೇರೆಬೇರೆ ಸ್ಥಳಗಳಲ್ಲಿ ಪ್ರತಿಗಳು ಬೇಕು.

ಇನ್ನೊಂದು ಮಾತನ್ನು ಪೋಷಕರು ಮನಸ್ಸಿನಲ್ಲಿಡಬೇಕು. ಸುಳ್ಳು ತಾರೀಖನ್ನು ಬರೆಯಿಸಿದರೆ ಸರಪಳಿಯು ಸುಳ್ಳನ್ನೂ ಅಷ್ಟೇ ಭದ್ರವಾಗಿ ಕಾಯುವುದು. ಮಗಳನ್ನು ಶಾಲೆಗೆ ಸೇರಿಸುವ ದಿನ ತಾಯಿತಂದೆಗಳು ನಿಜವನ್ನು ಹೇಳಬೇಕು. ನಾವು ಅದನ್ನು ನಂಬಿಗಸ್ತಿಕೆಯಿಂದ ಬರೆಯಬೇಕು. ಮೊದಲನೆಯ ಕೊಂಡಿ ಅದೇ.