ಬೆನ್ನಿನಿಂದ ಪಕ್ಕಕ್ಕೆ ಬಂದ ಸಿಲಿಂಡರ್: ಸೈಡ್‌ಮೌಂಟ್ ಹಾರ್ನೆಸ್ ಹೊಂದಿಸುವ ಬಗೆ

ಕುಂದಾಪುರ: ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಸಾಗುವ ಪ್ರವಾಸಿಗರಲ್ಲಿ ದೇವಸ್ಥಾನ, ಕಡಲತೀರಗಳ ಜತೆಗೆ ಸಮುದ್ರದ ಒಡಲನ್ನೂ ಕಾಣಬಯಸುವವರಿದ್ದಾರೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪವೇ ಅವರ ಗುರಿ. ಮೊದಲ ಬಾರಿಗೆ ಸ್ಕೂಬಾ ಡೈವಿಂಗ್ ಮಾಡುವವರ ಬೆನ್ನಿಗೆ ಸಾಮಾನ್ಯವಾಗಿ ಒಂದು ಸಿಲಿಂಡರ್ ಕಟ್ಟಲಾಗುತ್ತದೆ. ಅನುಭವ ಗಳಿಸಿ ಸ್ವಂತ ಸಲಕರಣೆ ಕೊಳ್ಳಲು ಹೊರಟವರಿಗೆ ಇನ್ನೊಂದು ವಿಧಾನವೂ ಎದುರಾಗುತ್ತದೆ. ಸಿಲಿಂಡರನ್ನು ಕಂಕುಳಿನಿಂದ ತೊಡೆಯವರೆಗೆ ದೇಹದ ಪಕ್ಕದಲ್ಲಿ ಸಿಕ್ಕಿಸಿಕೊಳ್ಳುವ ಈ ವಿಧಾನವೇ ‘ಸೈಡ್‌ಮೌಂಟ್’.

ಗುಹೆಯಿಂದ ಕಡಲಿಗೆ

1960ರ ದಶಕದಲ್ಲಿ ಬ್ರಿಟನ್ನಿನ ಗುಹಾನ್ವೇಷಕರು ನೀರು ತುಂಬಿದ ಇಕ್ಕಟ್ಟಾದ ಸುರಂಗಗಳಲ್ಲಿ ನುಸುಳಲು ಸಿಲಿಂಡರನ್ನು ಸೊಂಟದ ಪಕ್ಕಕ್ಕೆ ಕಟ್ಟಿಕೊಂಡರು. ಮುಂದೆ ಫ್ಲೋರಿಡಾ ಮತ್ತು ಮೆಕ್ಸಿಕೋದ ಗುಹೆಗಳಲ್ಲಿ ಈ ಕ್ರಮ ಸುಧಾರಣೆ ಕಂಡಿತು. ಇಂದು ತೆರೆದ ಸಮುದ್ರದಲ್ಲಿಯೂ ಇದು ಬಳಕೆಯಲ್ಲಿದೆ. ಎರಡು ಸಿಲಿಂಡರ್‌ಗಳಿಗೂ ಪ್ರತ್ಯೇಕ ರೆಗ್ಯುಲೇಟರ್ ಇರುವುದರಿಂದ ಒಂದು ಕೈಕೊಟ್ಟರೆ ಇನ್ನೊಂದು ನೆರವಿಗೆ ಬರುತ್ತದೆ. ಕವಾಟಗಳು ಎದೆಯ ಬಳಿಯೇ ಇರುವುದರಿಂದ ಸೋರಿಕೆಯನ್ನು ಕಣ್ಣಾರೆ ಕಂಡು ಮುಚ್ಚಬಹುದು.

ರಚನೆ ಸರಳ

ಹಾರ್ನೆಸ್ ಎಂದರೆ ಮುಖ್ಯವಾಗಿ ಸುಮಾರು 5 ಸೆಂ.ಮೀ. ಅಗಲದ ನೈಲಾನ್ ಪಟ್ಟಿಗಳ ಜೋಡಣೆ. ಎರಡು ಭುಜದ ಪಟ್ಟಿ, ಒಂದು ಸೊಂಟದ ಪಟ್ಟಿ, ತೊಡೆಗಳ ನಡುವೆ ಹಾದುಬರುವ ಇನ್ನೊಂದು ಪಟ್ಟಿ, ಅಲ್ಲಲ್ಲಿ ಲೋಹದ ಡಿ-ರಿಂಗ್‌ಗಳು. ತೇಲುವಿಕೆಯನ್ನು ನಿಯಂತ್ರಿಸುವ ಗಾಳಿಚೀಲ ಬೆನ್ನ ಮೇಲಿರುತ್ತದೆ. ಕಂಕುಳಡಿ ಹಾಯುವ ಬಂಜಿ ಹಗ್ಗವು ಸಿಲಿಂಡರಿನ ಕತ್ತನ್ನು ದೇಹಕ್ಕೆ ಎಳೆದು ಹಿಡಿಯುತ್ತದೆ. ಸಿಲಿಂಡರಿನ ಕೆಳಭಾಗದ ಕೊಕ್ಕೆಯನ್ನು ಸೊಂಟದ ರಿಂಗಿಗೆ ಸಿಕ್ಕಿಸಲಾಗುತ್ತದೆ.

ಗಾಳಿಗೂ ತೂಕವಿದೆ

ಅಂಗಡಿಯಿಂದ ತಂದ ಹಾರ್ನೆಸ್ ಯಾರ ದೇಹಕ್ಕೂ ತಾನಾಗಿಯೇ ಹೊಂದುವುದಿಲ್ಲ. ನೀರಿಗಿಳಿಯುವಾಗ ಧರಿಸುವ ಉಡುಪಿನಲ್ಲಿಯೇ ನಿಂತು ಮೊದಲು ಭುಜದ ಪಟ್ಟಿ, ನಂತರ ಸೊಂಟದ ಪಟ್ಟಿ, ಕೊನೆಗೆ ತೊಡೆಗಳ ನಡುವಿನ ಪಟ್ಟಿಯನ್ನು ಸರಿಪಡಿಸಬೇಕು. ಬಂಜಿ ಸಡಿಲವಾದರೆ ಸಿಲಿಂಡರಿನ ಕತ್ತು ಕೆಳಕ್ಕೆ ಜೋತುಬಿದ್ದು ಹವಳಕ್ಕೆ ತಗಲುತ್ತದೆ. ತೀರ ಬಿಗಿಯಾದರೆ ತೋಳಾಡಿಸುವುದೇ ಕಷ್ಟ.

ನಿಜವಾದ ಪರೀಕ್ಷೆ ಇರುವುದು ಡೈವಿಂಗ್‌ನ ಕೊನೆಯಲ್ಲಿ. ಸಾಮಾನ್ಯ ಬಳಕೆಯ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರನ್ನು ಸುಮಾರು 200 ಬಾರ್ ಒತ್ತಡಕ್ಕೆ ತುಂಬಿದಾಗ ಅದರೊಳಗಿನ ಗಾಳಿಯೇ ಎರಡೂವರೆ ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಆದ್ದರಿಂದ ತುಂಬಿದ್ದಾಗ ಮುಳುಗುವ ಸಿಲಿಂಡರ್ ಬರಿದಾಗುತ್ತಾ ತೇಲತೊಡಗಿ, ಅದರ ಬುಡ ಮೇಲಕ್ಕೇಳುತ್ತದೆ. ಆಗ ಕೆಳಗಿನ ಕೊಕ್ಕೆಯನ್ನು ಸೊಂಟದ ಮುಂಭಾಗದ ರಿಂಗಿಗೆ ಬದಲಾಯಿಸಿಕೊಳ್ಳಬೇಕು. ಉಕ್ಕಿನ ಸಿಲಿಂಡರ್‌ಗೆ ಸಾಮಾನ್ಯವಾಗಿ ಈ ಬದಲಾವಣೆ ಬೇಕಾಗದು. ಅದರ ಕೊಕ್ಕೆಯ ಜಾಗ ಸೊಂಟದ ಹಿಂಭಾಗ. ಈಜುಕೊಳದಲ್ಲಿ ಪಕ್ಕದಿಂದ ವಿಡಿಯೊ ತೆಗೆಸಿ, ಸಿಲಿಂಡರ್ ದೇಹಕ್ಕೆ ಸಮಾನಾಂತರವಾಗಿದೆಯೇ ಎಂದು ನೋಡುವುದು ಉತ್ತಮ.

ಕರಾವಳಿಗೆ ತಕ್ಕ ಎಚ್ಚರ

ಮೀನುಗಾರಿಕೆ ನಡೆಯುವ ಕಡಲಿನಲ್ಲಿ ತುಂಡಾದ ಬಲೆಗಳು ನೀರಿನಡಿ ಉಳಿದಿರುವುದುಂಟು. ಪಟ್ಟಿಗಳ ತುದಿ ಜೋತಾಡದಂತೆ ಮಡಚಿ, ಎರಡೂ ಕೈಗೆ ಎಟಕುವಲ್ಲಿ ಚಾಕು ಇಟ್ಟುಕೊಳ್ಳಬೇಕು. ಕೊಕ್ಕೆಯನ್ನು ಸಿಲಿಂಡರಿನ ಲೋಹದ ಪಟ್ಟಿಗೆ ನೇರವಾಗಿ ಬಿಗಿಯದೆ ನಡುವೆ ಗಟ್ಟಿ ದಾರ ಬಳಸಿದರೆ, ಕೊಕ್ಕೆ ಸಿಕ್ಕಿಕೊಂಡಾಗ ಕತ್ತರಿಸಿ ಪಾರಾಗಬಹುದು.

ಸಿಲಿಂಡರ್‌ಗಳನ್ನು ನೀರಿನಲ್ಲಿಯೇ ಒಂದೊಂದಾಗಿ ಸಿಕ್ಕಿಸಿಕೊಳ್ಳಬಹುದೆಂಬುದು ಬೆನ್ನುನೋವು ಇರುವವರಿಗೆ ಅನುಕೂಲ. ಆದರೆ ಇದು ಶಾಂತ ನೀರಿನ ಮಾತು. ಮರವಂತೆಯಂತೆ ಅಲೆಗಳು ಅಪ್ಪಳಿಸುವ ತೀರದಲ್ಲಿ ಇಂತಹ ಸಾಹಸ ಸಲ್ಲದು. ಒಂದೇ ಸಿಲಿಂಡರ್ ಬರಿದಾಗದಂತೆ ಎರಡರಿಂದಲೂ ಸರದಿಯಲ್ಲಿ ಉಸಿರಾಡುವ ಶಿಸ್ತೂ ಬೇಕು. ಪಾಡಿ, ಎಸ್‌ಎಸ್‌ಐ ಮುಂತಾದ ಸಂಸ್ಥೆಗಳು ಸೈಡ್‌ಮೌಂಟ್‌ಗೆಂದೇ ಪ್ರತ್ಯೇಕ ತರಬೇತಿಯನ್ನು ರೂಪಿಸಿವೆ. ಹಾರ್ನೆಸ್‌ಗೆ ಹಣ ತೆರುವ ಮೊದಲು ಆ ತರಬೇತಿ ಪಡೆಯುವುದು ಜಾಣತನ.