ನಿಮಗಿದು ಗೊತ್ತೆ? ಒಂದು ಕಿಲೋ ಇಳಿದರೆ ಮಂಡಿಗೆ ನಾಲ್ಕು ಕಿಲೋ ಹಗುರ!

ಮೈತೂಕ ಒಂದು ಕಿಲೋ ಇಳಿದರೆ, ಇಡುವ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ. ಮಂಡಿ ಸವೆದಿದ್ದ ಹಿರಿಯರ ನಡಿಗೆಯನ್ನು ಅಳೆದು, ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಲೆಕ್ಕವಿದು.

ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಲ್ಲೂ ತೂಕದ ಮಾತು ಬಂದೇ ಬರುತ್ತದೆ. ತೂಕ ಹೆಚ್ಚಿರುವವರಲ್ಲಿ ವೈದ್ಯರು ಹೆಚ್ಚು ಅಂಜುವುದು ಸೋಂಕಿಗೆ. ಕೊಬ್ಬಿನ ಪದರದಲ್ಲಿ ರಕ್ತದ ಹರಿವು ಕಡಿಮೆ. ಗಾಯ ನಿಧಾನವಾಗಿ ಮಾಯುತ್ತದೆ. ಕೀಲನ್ನು ತಲುಪಲು ಹೆಚ್ಚು ಸಮಯವೂ ಬೇಕು. ಜೊತೆಗೆ ಸಕ್ಕರೆ ಕಾಯಿಲೆಯಿದ್ದರೆ ಅಪಾಯ ಇನ್ನಷ್ಟು. ಸೋಂಕು ತಡೆಯಲು ಮುಂಜಾಗ್ರತೆಗೆ ಕೊಡುವ ಸೆಫಜೋಲಿನ್ ಎಂಬ ಔಷಧ ವಯಸ್ಕರಿಗೆ ಸಾಮಾನ್ಯವಾಗಿ 2 ಗ್ರಾಂ ಆದರೆ, 120 ಕಿಲೋ ಮುಟ್ಟಿದವರಿಗೆ 3 ಗ್ರಾಂ.

ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 40 ದಾಟಿದವರಿಗೆ, ಅಂದರೆ 5 ಅಡಿ 3 ಅಂಗುಲದ ವ್ಯಕ್ತಿ ಸುಮಾರು 102 ಕಿಲೋ ಮೀರಿದರೆ, ‘ತೂಕ ಇಳಿಸಿಕೊಂಡು ಬನ್ನಿ’ ಎನ್ನುವುದು ಹಲವೆಡೆ ರೂಢಿ. ಆದರೆ ನೋವಿನಿಂದ ನಡೆಯಲಾಗದವರು ತೂಕ ಇಳಿಸುವುದಾದರೂ ಹೇಗೆ? ಅಮೆರಿಕದ ಸಂಧಿವಾತ ತಜ್ಞರ ಮತ್ತು ಕೀಲು ಶಸ್ತ್ರವೈದ್ಯರ ಸಂಘಗಳು 2023ರ ಮಾರ್ಗಸೂಚಿಯಲ್ಲಿ, ತೂಕದ ಗೆರೆ ಮುಟ್ಟಲೆಂದೇ ಶಸ್ತ್ರಚಿಕಿತ್ಸೆ ಮುಂದೂಡುವುದು ಬೇಡ ಎಂದವು. ಸ್ಥೂಲಕಾಯದವರಿಗೂ ಶಸ್ತ್ರಚಿಕಿತ್ಸೆಯಿಂದ ನೋವು ಇಳಿದು, ಓಡಾಟ ಸುಧಾರಿಸುತ್ತದೆ.

ತೀರಾ ತೆಳ್ಳಗಿರುವವರೂ ನಿಶ್ಚಿಂತರಲ್ಲ. ಬಿಎಂಐ 18.5ಕ್ಕಿಂತ ಕಡಿಮೆಯಿದ್ದರೆ ಶಸ್ತ್ರಚಿಕಿತ್ಸೆಗೆ ರಕ್ತ ಕೊಡಬೇಕಾಗಿ ಬರುವ ಸಂಭವ ಹೆಚ್ಚು.